ನಮೀಬ್‌ನ ಜೀರುಂಡೆ ಬೆನ್ನಿನ ಗುಬುಟುಗಳಿಂದ ನೀರು ಹಿಡಿಯುತ್ತದೆಯೇ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಆಫ್ರಿಕಾದ ನಮೀಬ್ ಮರುಭೂಮಿಯ ಕಪ್ಪು ಜೀರುಂಡೆಯೊಂದು ಬೆನ್ನ ಮೇಲಿನ ಗುಬುಟುಗಳಿಂದ ಮಂಜಿನ ನೀರನ್ನು ಹಿಡಿದು ಕುಡಿಯುತ್ತದೆ, ಅದನ್ನು ನೋಡಿ ತಾನಾಗಿಯೇ ತುಂಬಿಕೊಳ್ಳುವ ಬಾಟಲಿಯನ್ನು ರೂಪಿಸಿದ್ದಾರೆ ಎಂದು ಓದಿ ತರಗತಿಯಲ್ಲಿ ಹೇಳಿದೆ. ಒಬ್ಬ ವಿದ್ಯಾರ್ಥಿನಿ, "ಮಂಜು ಬೀಳದ ದಿನ ಅದು ಏನು ಕುಡಿಯುತ್ತದೆ? ಅಷ್ಟು ಬಿಸಿಲಿನಲ್ಲಿ ಕಪ್ಪಗೆ ಯಾಕಿದೆ?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ದಯವಿಟ್ಟು ವಿವರಿಸಿ. ಇಂಥ ಹುಳುಗಳು ನಮ್ಮಲ್ಲೂ ಇವೆಯೇ?

ಉತ್ತರ: ನಿಮ್ಮ ವಿದ್ಯಾರ್ಥಿನಿಯ ಮೊದಲ ಪ್ರಶ್ನೆಯೇ ಈ ವಿಷಯದ ತಿರುಳು. ಮಂಜು ಹಿಡಿಯುವ ಜೀರುಂಡೆಯ ಕಥೆ ಎಷ್ಟು ಪ್ರಸಿದ್ಧವಾಗಿದೆಯೆಂದರೆ, ಆ ಕುಟುಂಬದ ಹುಳುಗಳು ಮರಳಿನಲ್ಲಿ ಬದುಕಲು ಮುಖ್ಯ ಕಾರಣವೇ ಮಂಜು ಎಂಬ ಭಾವನೆ ಬೇರೂರಿಬಿಟ್ಟಿದೆ. ವಾಸ್ತವದಲ್ಲಿ ಹೀಗೆ ಮಂಜು ಹಿಡಿಯುವವು ಬೆರಳೆಣಿಕೆಯ ಪ್ರಭೇದಗಳು ಮಾತ್ರ. ಉಳಿದವು, ಮತ್ತು ಮಂಜಿಲ್ಲದ ದಿನಗಳಲ್ಲಿ ಈ ಕೆಲವು ಕೂಡ, ಬದುಕುವುದು ಇದ್ದ ನೀರನ್ನು ಮೈಯಿಂದ ಹೊರಹೋಗಲು ಬಿಡದಿರುವುದರಿಂದ. ನೀವು ಓದಿದ ಗುಬುಟುಗಳ ವಿಷಯವನ್ನಂತೂ ತಿದ್ದಿಕೊಳ್ಳಲೇಬೇಕು. ಏಕೆಂದರೆ ಮಂಜಿಗೆ ಬೆನ್ನೊಡ್ಡಿ ನಿಲ್ಲುವ ಜೀರುಂಡೆಯ ಬೆನ್ನು ಹೆಚ್ಚು ಕಡಿಮೆ ನುಣುಪಾಗಿದೆ.

ಮೊದಲು ಸ್ಥಳವನ್ನು ತಿಳಿದುಕೊಳ್ಳೋಣ. ನಮೀಬ್ ಮರುಭೂಮಿ ಆಫ್ರಿಕಾದ ನೈಋತ್ಯ ಕರಾವಳಿಯುದ್ದಕ್ಕೂ ಚಾಚಿದೆ. ಅದರಲ್ಲಿ ನಮೀಬಿಯಾ ದೇಶದ ಕುಯಿಸೆಬ್ ನದಿಯ ದಕ್ಷಿಣಕ್ಕಿರುವ ಮರಳು ದಿಬ್ಬಗಳ ಸಾಗರ 30 ಲಕ್ಷ ಹೆಕ್ಟೇರಿಗೂ ಹೆಚ್ಚು ವಿಸ್ತಾರವಾಗಿದ್ದು, 2013ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ತೀರದ ಪಕ್ಕದಲ್ಲೇ ಬೆಂಗ್ವೆಲಾ ಎಂಬ ತಣ್ಣನೆಯ ಸಾಗರ ಪ್ರವಾಹ ಹರಿಯುತ್ತದೆ. ಅದರ ಮೇಲೆ ಹಾದು ಬರುವ ಗಾಳಿ ತಂಪಾಗಿ ಮಂಜಾಗುತ್ತದೆಯೇ ಹೊರತು ಮಳೆಯಾಗುವುದು ಅಪರೂಪ. ಸಮುದ್ರದಿಂದ ಸುಮಾರು 60 ಕಿಲೋಮೀಟರ್ ಒಳಗಿರುವ ಗೊಬಾಬೆಬ್ ಎಂಬಲ್ಲಿ ವರ್ಷದ ಸರಾಸರಿ ಮಳೆ 25 ಮಿಲಿಮೀಟರಿನ ಆಸುಪಾಸು. ಚಳ್ಳಕೆರೆಯಂಥ ಒಣ ಸೀಮೆಯಲ್ಲೂ ಒಂದು ಒಳ್ಳೆಯ ಮಳೆ ಸುರಿದರೆ ಅಷ್ಟು ನೀರು ಬೀಳುತ್ತದೆ. ಆ ಮಳೆಯೂ ಪ್ರತಿ ವರ್ಷ ಬರುತ್ತದೆಂಬ ಖಾತ್ರಿಯಿಲ್ಲ. ಮಂಜು ಮಾತ್ರ ಮಳೆಗಿಂತ ನಂಬಿಕಸ್ತ: ರಾತ್ರಿ ಹೊತ್ತು ಒಳನಾಡಿಗೆ ನುಗ್ಗಿ, ಬೆಳಿಗ್ಗೆ ಬಿಸಿಲೇರುತ್ತಿದ್ದಂತೆ ಕರಗಿಹೋಗುತ್ತದೆ.

ಗೊಬಾಬೆಬ್‌ನ ಹೆಸರನ್ನು ಹೇಳಿದ್ದಕ್ಕೆ ಕಾರಣವಿದೆ. ಈ ಹುಳುಗಳ ಬಗ್ಗೆ ನಮಗೆ ತಿಳಿದಿರುವುದರ ಬಹುಪಾಲು ಅಲ್ಲಿನ ಸಂಶೋಧನಾ ಕೇಂದ್ರದಿಂದ ಬಂದದ್ದು. ಆಸ್ಟ್ರಿಯಾ ಮೂಲದ ಕೀಟತಜ್ಞ ಚಾರ್ಲ್ಸ್ ಕೋಖ್ ಅದನ್ನು 1960ರ ದಶಕದ ಆರಂಭದಲ್ಲಿ ಸ್ಥಾಪಿಸಿದರು, ಮತ್ತು ಅವರು ಅಲ್ಲಿಗೆ ಹೋದದ್ದೇ ಟೆನೆಬ್ರಿಯೊನಿಡೇ ಕುಟುಂಬದ ಜೀರುಂಡೆಗಳಿಗಾಗಿ. ಒಂದು ಹುಳುವಿನ ಕುಟುಂಬಕ್ಕಾಗಿ ಮರುಭೂಮಿಯ ನಡುವೆ ಒಂದು ಸಂಸ್ಥೆಯೇ ಹುಟ್ಟಿಕೊಂಡದ್ದು ವಿಜ್ಞಾನದಲ್ಲಿ ಅಪರೂಪ. ಪ್ರಪಂಚದಲ್ಲಿ ಈ ಕುಟುಂಬದ ಸುಮಾರು 20,000 ಪ್ರಭೇದಗಳಿಗೆ ಹೆಸರಿಡಲಾಗಿದೆ. ನಮೀಬ್ ಒಂದರಲ್ಲೇ ಸುಮಾರು 200 ಇವೆಯೆಂದು ಎಣಿಕೆ. ಕೋಖ್ ಗಮನಿಸಿದ ವಿಚಿತ್ರವೆಂದರೆ, ಒಂದು ಹಸಿರು ಕಡ್ಡಿಯೂ ಇಲ್ಲದ ಬೋಳು ದಿಬ್ಬಗಳಲ್ಲೂ ಇವು ನೆಲೆಸಿವೆ. ಅಲ್ಲಿ ಇವುಗಳಿಗೆ ಊಟ ತಂದುಕೊಡುವುದು ಗಾಳಿ. ದೂರದಿಂದ ತೂರಿಬಂದ ಹುಲ್ಲಿನ ಚೂರು, ಬೀಜದ ಸಿಪ್ಪೆ, ಸತ್ತ ಕೀಟಗಳ ತುಣುಕು, ಎಲ್ಲವೂ ದಿಬ್ಬದ ಗಾಳಿಮರೆಯ ಕಡಿದಾದ ಇಳಿಜಾರಿನ ಬುಡದಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಜೀರುಂಡೆಗಳು ತಿನ್ನುವುದು ಈ ಒಣ ತರಗನ್ನು. ಹೀಗೆ ಊಟದಲ್ಲೂ ಇವುಗಳಿಗೆ ಸಿಗುವ ನೀರು ಅತ್ಯಲ್ಪ.

ಈಗ ಮಂಜಿನ ವಿಷಯ. ಒನಿಮಾಕ್ರಿಸ್ ಉಂಗ್ವಿಕ್ಯುಲಾರಿಸ್ ಎಂಬುದು ಸುಮಾರು ಎರಡು ಸೆಂಟಿಮೀಟರ್ ಉದ್ದದ, ಉದ್ದ ಕಾಲುಗಳ ಕಪ್ಪು ಜೀರುಂಡೆ. ಅದು ಹಗಲಿನ ಹುಳು. ಮರಳು ಬೆಚ್ಚಗಾದ ಮೇಲೆ ಹೊರಬಂದು ಮೇಯ್ದು, ಸಂಜೆ ಮರಳಿನೊಳಗೆ ಸೇರಿಕೊಳ್ಳುತ್ತದೆ. ಆದರೆ ಮಂಜು ಬಂದ ರಾತ್ರಿ ಅಥವಾ ಮುಂಜಾವ, ಮೈ ಚಟುವಟಿಕೆಗೆ ಒಗ್ಗದಷ್ಟು ತಣ್ಣಗಿರುವಾಗಲೂ, ಮರಳಿನಿಂದ ಮೇಲೆದ್ದು ನಿಧಾನವಾಗಿ ದಿಬ್ಬದ ನೆತ್ತಿಯ ಕಡೆಗೆ ಹತ್ತುತ್ತದೆ. ನೆತ್ತಿಯಲ್ಲಿ ಗಾಳಿಗೆ ಮುಖಮಾಡಿ ನಿಂತು, ಹಿಂಗಾಲುಗಳನ್ನು ನೀಳವಾಗಿ ಎತ್ತರಿಸಿ, ತಲೆಯನ್ನು ಮರಳಿನತ್ತ ತಗ್ಗಿಸುತ್ತದೆ. ಮಂಜಿನ ಸೂಕ್ಷ್ಮ ಕಣಗಳು ಬೆನ್ನಿಗೆ ಬಡಿದು ಅಂಟಿ, ಒಂದಕ್ಕೊಂದು ಕೂಡಿ ಹನಿಯಾಗಿ, ಇಳಿಜಾರಾದ ಬೆನ್ನಿನ ಮೇಲಿಂದ ತಲೆಯ ಬಳಿಗೆ ಇಳಿದು ಬಾಯಿಯ ಅಂಚಿಗೆ ಬರುತ್ತವೆ. ಅಲ್ಲಿ ಅದು ಹೀರಿಕೊಳ್ಳುತ್ತದೆ. ವಿಲಿಯಂ ಹ್ಯಾಮಿಲ್ಟನ್ ಮತ್ತು ಮೇರಿ ಸೀಲಿ 1976ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದರು. ಮಂಜಿಗೆ ಮುಂಚೆ ಮತ್ತು ಆಮೇಲೆ ಹುಳುಗಳನ್ನು ತೂಗಿ ನೋಡಿದಾಗ, ಅವು ಸರಾಸರಿ ತಮ್ಮ ತೂಕದ ಶೇಕಡಾ 12ರಷ್ಟು ನೀರು ಕುಡಿದಿದ್ದವು; ಅತಿ ಹೆಚ್ಚು ಕುಡಿದದ್ದು ಶೇಕಡಾ 34ರಷ್ಟು. ಅಂದರೆ 60 ಕಿಲೋ ತೂಕದ ಮನುಷ್ಯ ಒಂದೇ ಮುಂಜಾನೆ 20 ಲೀಟರ್ ಕುಡಿದ ಲೆಕ್ಕ.

ಅದೇ ವರ್ಷ ಅವರಿಬ್ಬರೇ 'ಸೈನ್ಸ್' ಪತ್ರಿಕೆಯಲ್ಲಿ ಇನ್ನೊಂದು ವಿಧಾನವನ್ನು ವರದಿ ಮಾಡಿದರು. ಅದು ಇಷ್ಟು ಪ್ರಚಾರ ಪಡೆಯಲಿಲ್ಲ. ನನ್ನ ಮಟ್ಟಿಗೆ ಅದು ಮೊದಲಿನದಕ್ಕಿಂತಲೂ ಸೊಗಸಾದದ್ದು. ಲೆಪಿಡೊಕೋರಾ ಎಂಬ, ತಟ್ಟೆಯಂತೆ ಚಪ್ಪಟೆಯಾದ ಪುಟ್ಟ ಜೀರುಂಡೆಗಳು ಮಂಜು ಬರುವ ಗಾಳಿಗೆ ಅಡ್ಡಲಾಗಿ ಮರಳಿನ ಮೇಲೆ ಸಣ್ಣ ಕಾಲುವೆಯನ್ನು ತೋಡುತ್ತಾ ಸಾಗುತ್ತವೆ. ಕಾಲುವೆಯ ಎರಡೂ ಬದಿಗೆ ಮರಳಿನ ಕಿರು ಬದು ಏಳುತ್ತದೆ. ಸುತ್ತಲಿನ ಸಪಾಟು ಮರಳಿಗಿಂತ ಈ ಬದುಗಳು ಹೆಚ್ಚು ಮಂಜನ್ನು ತಡೆದು ನೆನೆಯುತ್ತವೆ. ಆಮೇಲೆ ಹುಳು ಅದೇ ಬದುವಿನ ಗುಂಟ ಹಿಂದಿರುಗಿ, ನೆನೆದ ಮರಳಿನಿಂದ ನೀರನ್ನು ಹೀರುತ್ತದೆ. ಇಲ್ಲಿ ಬೆನ್ನಿಗೆ ಯಾವ ಕೆಲಸವೂ ಇಲ್ಲ.

ಹಾಗಾದರೆ ಗುಬುಟುಗಳು ಎಲ್ಲಿಂದ ಬಂದವು? 2001ರಲ್ಲಿ ಆಂಡ್ರ್ಯೂ ಪಾರ್ಕರ್ ಮತ್ತು ಕ್ರಿಸ್ ಲಾರೆನ್ಸ್ 'ನೇಚರ್' ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಪ್ರಕಟಿಸಿದರು. ಸ್ಟೆನೊಕಾರಾ ಎಂದು ಅವರು ಗುರುತಿಸಿದ ಜೀರುಂಡೆಯ ಬೆನ್ನ ಮೇಲೆ ಸುಮಾರು ಅರ್ಧ ಮಿಲಿಮೀಟರ್ ಅಗಲದ ಗುಬುಟುಗಳಿವೆ. ಅವುಗಳ ತುದಿಯಲ್ಲಿ ಮೇಣವಿಲ್ಲದ್ದರಿಂದ ಅಲ್ಲಿ ನೀರು ಅಂಟುತ್ತದೆ. ನಡುವಿನ ತಗ್ಗುಗಳಲ್ಲಿ ಮೇಣವಿರುವುದರಿಂದ ನೀರು ನಿಲ್ಲದೆ ಜಾರುತ್ತದೆ. ತುದಿಯಲ್ಲಿ ಬೆಳೆದ ಹನಿ ಭಾರವಾದಾಗ ಕಳಚಿಕೊಂಡು ಬಾಯಿಗೆ ಉರುಳುತ್ತದೆ ಎಂಬುದು ಅವರ ವಿವರಣೆ. ಇದು ಎಂಜಿನಿಯರುಗಳಿಗೆ ತುಂಬ ಹಿಡಿಸಿತು. ನೀರನ್ನು ಹಿಡಿಯುವ ಚುಕ್ಕೆ, ನೀರನ್ನು ಜಾರಿಸುವ ಹಿನ್ನೆಲೆ, ಇವೆರಡನ್ನೂ ಗಾಜು ಅಥವಾ ಪ್ಲಾಸ್ಟಿಕ್ಕಿನ ಮೇಲೆ ಮಾಡಬಹುದಲ್ಲವೇ ಎಂದು ಹತ್ತಾರು ಪ್ರಯೋಗಾಲಯಗಳು ಕೆಲಸ ಆರಂಭಿಸಿದವು. ನೀವು ಓದಿದ ಬಾಟಲಿಯ ಕಲ್ಪನೆಯೂ ಅಲ್ಲಿಂದಲೇ ಹುಟ್ಟಿದ್ದು.

ಆದರೆ ನಮೀಬ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಇದರಲ್ಲಿ ತೊಡಕು ಕಂಡಿತು. ಲೇಖನದ ಚಿತ್ರದಲ್ಲಿರುವ ಹುಳು ಹೇಳಿದ ಪ್ರಭೇದದ್ದಲ್ಲ ಎಂದು ತಜ್ಞರು ತೋರಿಸಿದರು. ಅದಕ್ಕಿಂತ ಮುಖ್ಯವಾಗಿ, ಗುಬುಟು ಬೆನ್ನಿನ ಈ ಹುಳುಗಳು ಮಂಜಿನಲ್ಲಿ ತಲೆ ತಗ್ಗಿಸಿ ನಿಲ್ಲುವುದನ್ನು ಅವರು ಕಂಡಿರಲಿಲ್ಲ. ಥಾಮಸ್ ನೋರ್‌ಗಾರ್ಡ್ ಮತ್ತು ಮಾರಿ ಡಾಕೆ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕು ಪ್ರಭೇದಗಳನ್ನು ಹೋಲಿಸಿದರು: ನುಣುಪು ಬೆನ್ನಿನ ಎರಡು ಒನಿಮಾಕ್ರಿಸ್, ಗುಬುಟು ಬೆನ್ನಿನ ಸ್ಟೆನೊಕಾರಾ ಗ್ರಾಸಿಲಿಪೆಸ್ ಮತ್ತು ಫಿಸಾಸ್ಟರ್ನಾ ಕ್ರಿಬ್ರಿಪೆಸ್. ಜೀವಂತ ಹುಳುಗಳನ್ನು ಮಂಜಿನಲ್ಲಿ ಇಟ್ಟಾಗ ತಲೆ ತಗ್ಗಿಸಿ ನಿಂತದ್ದು ಒನಿಮಾಕ್ರಿಸ್ ಉಂಗ್ವಿಕ್ಯುಲಾರಿಸ್ ಒಂದೇ, ಅದೂ ಮಂಜಿದ್ದಾಗ ಮಾತ್ರ. ಬೆನ್ನುಗಳು ಎಷ್ಟು ನೀರು ಹಿಡಿಯುತ್ತವೆಂದು ಅಳೆದಾಗ, ನಾಲ್ಕೂ ಹಿಡಿದ ಒಟ್ಟು ನೀರಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬೆನ್ನಿನ ವಿಸ್ತಾರಕ್ಕೆ ತಕ್ಕಂತೆ ಲೆಕ್ಕ ಹಾಕಿದಾಗ ಒಂದು ಗುಬುಟಿನ ಹುಳು ಮತ್ತು ಒಂದು ನುಣುಪಿನ ಹುಳು ಮುಂದಿದ್ದವು; ಅತ್ಯಂತ ಹಿಂದಿದ್ದದ್ದು ಇನ್ನೊಂದು ಗುಬುಟಿನ ಹುಳು. ನಾಲ್ಕರ ಬೆನ್ನೂ ಪೂರ್ತಿಯಾಗಿ ನೀರನ್ನು ಜಾರಿಸುವಂಥದ್ದೇ ಆಗಿತ್ತು. ಆದ್ದರಿಂದ ಅವರು ತಲುಪಿದ ತೀರ್ಮಾನ: ಬೆನ್ನಿನ ರಚನೆಗಿಂತ ನಿಲ್ಲುವ ಭಂಗಿಯೇ ಮುಖ್ಯ.

ಇದರಿಂದ ಎಂಜಿನಿಯರುಗಳ ಕೆಲಸ ವ್ಯರ್ಥವಾಯಿತೆಂದು ನಾನು ಹೇಳುವುದಿಲ್ಲ. ನೀರು ಹಿಡಿಯುವ ಚುಕ್ಕೆಗಳ ಮೇಲ್ಮೈ ಪ್ರಯೋಗಾಲಯದಲ್ಲಿ ನಿಜಕ್ಕೂ ಹನಿಗಳನ್ನು ಕೂಡಿಸುತ್ತದೆ. ಅದು ಕೆಲಸ ಮಾಡಲು ಜೀರುಂಡೆಯ ಒಪ್ಪಿಗೆ ಬೇಕಿಲ್ಲ. ತಾನಾಗಿ ತುಂಬುವ ಬಾಟಲಿಯ ಮಾತು ಬೇರೆ. ಗಾಳಿಯಲ್ಲಿರುವ ಆವಿಯನ್ನು ನೀರಾಗಿಸಬೇಕಾದರೆ ಅದರಿಂದ ಶಾಖವನ್ನು ಹೊರತೆಗೆಯಬೇಕು, ಪ್ರತಿ ಲೀಟರಿಗೆ ಸುಮಾರು 2,400 ಕಿಲೋಜೂಲ್‌ನಷ್ಟು. ಮೇಲ್ಮೈಯ ಜಾಣತನದಿಂದ ಈ ಲೆಕ್ಕ ತಪ್ಪುವುದಿಲ್ಲ. ಜೀರುಂಡೆಗೆ ಈ ಕಷ್ಟವಿಲ್ಲ, ಏಕೆಂದರೆ ಮಂಜು ಆಗಲೇ ದ್ರವರೂಪಕ್ಕೆ ಬಂದಿರುವ ನೀರು. ಅದನ್ನು ಗಾಳಿಗೆ ಅಡ್ಡ ನಿಂತು ತಡೆದರೆ ಸಾಕು. ಚಿಲಿ ದೇಶದ ಚುಂಗುಂಗೊ ಎಂಬ ಹಳ್ಳಿಗೆ 1990ರ ದಶಕದಲ್ಲಿ ಬೆಟ್ಟದ ಮೇಲೆ ಕಟ್ಟಿದ ದೊಡ್ಡ ಬಲೆಗಳಿಂದ ನೀರು ಪೂರೈಸಿದ್ದು ಇದೇ ತತ್ತ್ವದಿಂದ. ಮಂಜೂ ಗಾಳಿಯೂ ಕೂಡಿ ಬಾರದ ಊರಿನಲ್ಲಿ ಬಲೆಯೂ ಒಣಗಿಯೇ ಇರುತ್ತದೆ, ಬಾಟಲಿಯೂ ಅಷ್ಟೇ.

ಇನ್ನು ಮಂಜು ಬೀಳದ ದಿನಗಳು. ಈ ಕುಟುಂಬದ ನಿಜವಾದ ಬಲವಿರುವುದು ಹೊಟ್ಟೆಯ ಕೊನೆಯಲ್ಲಿ. ಕೀಟಗಳಲ್ಲಿ ಮೂತ್ರಪಿಂಡದ ಕೆಲಸವನ್ನು ಮಾಲ್ಪೀಘಿಯನ್ ನಾಳಗಳೆಂಬ ಸಣ್ಣ ಕೊಳವೆಗಳು ಮಾಡುತ್ತವೆ. ಸಾಮಾನ್ಯವಾಗಿ ಅವುಗಳ ತುದಿಗಳು ಹೊಟ್ಟೆಯ ದ್ರವದಲ್ಲಿ ಬಿಡಿಯಾಗಿ ತೇಲುತ್ತಿರುತ್ತವೆ. ಟೆನೆಬ್ರಿಯೊನಿಡೇ ಜೀರುಂಡೆಗಳಲ್ಲಿ ಮಾತ್ರ ಆ ತುದಿಗಳು ಹಿಂದಕ್ಕೆ ಬಾಗಿ ಗುದನಾಳದ ಗೋಡೆಗೆ ಒತ್ತಾಗಿ ಅಂಟಿಕೊಂಡಿರುತ್ತವೆ, ಮತ್ತು ಎರಡನ್ನೂ ಕೂಡಿಸಿ ಒಂದು ಪೊರೆ ಬಿಗಿಯಾಗಿ ಸುತ್ತಿರುತ್ತದೆ. (ಕೆಲವು ಬೇರೆ ಕೀಟಗಳಲ್ಲೂ ಈ ಏರ್ಪಾಡಿದೆ, ಆದರೆ ಇದನ್ನು ಅತ್ಯಂತ ವಿವರವಾಗಿ ಅಧ್ಯಯನ ಮಾಡಿರುವುದು ಈ ಕುಟುಂಬದಲ್ಲಿ.) ನಾಳಗಳು ತಮ್ಮೊಳಗೆ ಪೊಟ್ಯಾಸಿಯಂ ಲವಣವನ್ನು ಬಹಳ ಸಾಂದ್ರವಾಗಿ ತುಂಬಿಕೊಳ್ಳುತ್ತವೆ. ಲವಣ ಹೆಚ್ಚಿರುವ ಕಡೆಗೆ ನೀರು ಸರಿಯುವುದು ನಿಮ್ಮ ಪಠ್ಯದಲ್ಲೇ ಇರುವ ಪರಾಸರಣದ ಪಾಠ. ಹೀಗೆ ಮಲದಲ್ಲಿ ಉಳಿದಿದ್ದ ನೀರೆಲ್ಲ ನಾಳಕ್ಕೆ ಸೆಳೆಯಲ್ಪಟ್ಟು ಮೈಗೆ ಮರಳುತ್ತದೆ. ಹೊರಬೀಳುವುದು ಒಣ ಪುಡಿ. ಈ ಏರ್ಪಾಡು ಎಷ್ಟು ಪ್ರಬಲವೆಂದರೆ, ಇದೇ ಕುಟುಂಬದ ಟೆನೆಬ್ರಿಯೊ ಮೊಲಿಟರ್ ಎಂಬ ಹಿಟ್ಟಿನ ಹುಳುವಿನ ಮರಿ, ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 88 ದಾಟಿದರೆ, ಗುದನಾಳದೊಳಕ್ಕೆ ಬಂದ ಗಾಳಿಯಿಂದಲೇ ಆವಿಯನ್ನು ಹೀರಿಕೊಳ್ಳಬಲ್ಲದು. ದ್ರವರೂಪದ ನೀರು ಬೇಕೇ ಇಲ್ಲ. ನೀರನ್ನು ಹೀರುವ ಅಂಗವನ್ನು ಹುಡುಕಿಕೊಂಡು ಎಲ್ಲರೂ ಬೆನ್ನನ್ನು ನೋಡುತ್ತಿರುವಾಗ, ಅದು ಇದ್ದದ್ದು ಇನ್ನೊಂದು ತುದಿಯಲ್ಲಿ!

ಚರ್ಮದಿಂದ ಮತ್ತು ಉಸಿರಿನಿಂದ ಆಗುವ ನಷ್ಟವನ್ನೂ ಇವು ಬಿಗಿಹಿಡಿದಿವೆ. ಹೊರಕವಚದ ಮೇಲೆ ಮೇಣದ ಪದರವಿರುತ್ತದೆ. ನಮೀಬ್‌ನ ಜಲ್ಲಿ ಬಯಲುಗಳಲ್ಲಿರುವ ಕೌರಿಕಾರಾ ಫಲಾಂಜಿಯಮ್ ಎಂಬ ನೀಳಗಾಲಿನ ಜೀರುಂಡೆಯಲ್ಲಿ ಈ ಮೇಣ ಸೂಕ್ಷ್ಮ ಎಳೆಗಳಾಗಿ ಹೊರಸೂಸಿ, ಗಾಳಿ ಒಣಗಿದಾಗ ಕಪ್ಪು ಮೈ ತಿಳಿನೀಲಿಯಾಗಿ ಕಾಣುತ್ತದೆ. ದಿಬ್ಬಗಳ ಜೀರುಂಡೆಗಳಿಗೆ ಹಾರಲು ಬರುವುದಿಲ್ಲ; ಮೇಲಿನ ಎರಡು ಗಟ್ಟಿ ರೆಕ್ಕೆಗಳು ನಡುವಿನಲ್ಲಿ ಬೆಸೆದುಕೊಂಡು ಒಂದೇ ಮುಚ್ಚಳವಾಗಿವೆ. ಮುಚ್ಚಳ ಮತ್ತು ಹೊಟ್ಟೆಯ ನಡುವೆ ಗಾಳಿ ತುಂಬಿದ ಒಂದು ಕುಳಿ ಉಳಿದಿದ್ದು, ಹೊಟ್ಟೆಯ ಉಸಿರು ರಂಧ್ರಗಳು ಅದರೊಳಕ್ಕೆ ತೆರೆದುಕೊಳ್ಳುತ್ತವೆ. ಉಸಿರಿನ ತೇವ ನೇರವಾಗಿ ಬಯಲಿಗೆ ಹೋಗದಿರಲು ಈ ಏರ್ಪಾಡು ಎಂಬುದು ಹಳೆಯ ವಿವರಣೆ. ಹೊಟ್ಟೆ ಉಬ್ಬಲು ಅದು ಜಾಗ ಕೊಡುತ್ತದೆ ಎಂಬುದು ಇನ್ನೊಂದು. ತೂಕದ ಮೂರನೇ ಒಂದು ಭಾಗದಷ್ಟು ನೀರನ್ನು ಒಮ್ಮೆಗೇ ಕುಡಿಯುವ ಪ್ರಾಣಿಗೆ, ಗಟ್ಟಿ ಕವಚದೊಳಗೆ ಅಂಥ ಜಾಗ ಬೇಕೇ ಬೇಕು. ಎರಡೂ ನಿಜವಿರಬಹುದೆಂದು ನನಗನಿಸುತ್ತದೆ.

ಕಪ್ಪು ಬಣ್ಣದ ಪ್ರಶ್ನೆಗೆ ನೇರ ಉತ್ತರವಿಲ್ಲ, ಮತ್ತು ಅದನ್ನು ಮಕ್ಕಳಿಗೆ ಹಾಗೆಯೇ ಹೇಳಬಹುದು. ಬೇಸಿಗೆಯ ಮಧ್ಯಾಹ್ನ ದಿಬ್ಬದ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಲಿ ಯಾವ ಬಣ್ಣದ ಹುಳುವೂ ಹೆಚ್ಚು ಹೊತ್ತು ನಿಲ್ಲಲಾರದು. ಆ ಹೊತ್ತಿನಲ್ಲಿ ಅವು ಸಡಿಲ ಮರಳಿನೊಳಗೆ ಮುಳುಗುತ್ತವೆ, ಸ್ವಲ್ಪ ಆಳ ಹೋದರೂ ಬಿಸಿ ತೀವ್ರವಾಗಿ ಇಳಿಯುತ್ತದೆ. ಹೀಗಾಗಿ ಬಣ್ಣದ ಲಾಭನಷ್ಟವನ್ನು ಮಧ್ಯಾಹ್ನಕ್ಕಲ್ಲ, ಅವು ನಿಜವಾಗಿ ಹೊರಗಿರುವ ಬೆಳಿಗ್ಗೆ ಮತ್ತು ಸಂಜೆಗೆ ಲೆಕ್ಕ ಹಾಕಬೇಕು. ಮಂಜು ಕವಿದ ತಣ್ಣನೆಯ ಬೆಳಿಗ್ಗೆ ಕಪ್ಪು ಮೈ ಬೇಗ ಬೆಚ್ಚಗಾಗುತ್ತದೆ. ಬೆಚ್ಚಗಿನ ಮೈಯಲ್ಲಿ ಜೀರ್ಣಕ್ರಿಯೆ, ಓಟ, ಮೊಟ್ಟೆಯ ಬೆಳವಣಿಗೆ ಎಲ್ಲವೂ ಚುರುಕು. ಈ ಹುಳುಗಳು ತಾಳಬಲ್ಲ ಮಿತಿಗೆ ಹತ್ತಿರದವರೆಗೂ ಮೈಯನ್ನು ಬಿಸಿಯಾಗಿಡಲು ಬಯಸುತ್ತವೆ ಎಂಬುದು ಹ್ಯಾಮಿಲ್ಟನ್ ಅವರ ವಾದವಾಗಿತ್ತು. ಆದರೆ ನಮೀಬ್‌ನ ಉತ್ತರ ಭಾಗದಲ್ಲಿ ಬಿಳಿ ಬೆನ್ನಿನ ಜೀರುಂಡೆಗಳೂ ಇವೆ. ಅವುಗಳಲ್ಲೊಂದಾದ ಒನಿಮಾಕ್ರಿಸ್ ಬೈಕಲರ್ ಕೂಡ ತಲೆ ತಗ್ಗಿಸಿ ಮಂಜು ಹಿಡಿಯುತ್ತದೆ. ಒಂದೇ ಕುಲದ, ಒಂದೇ ವರ್ತನೆಯ ಎರಡು ಹುಳುಗಳು ಕಪ್ಪು ಬಿಳುಪಾಗಿರುವಾಗ, ಕಪ್ಪಿಗೆ ಒಂದೇ ಕಾರಣ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ.

ಕಾಲುಗಳ ವಿಷಯದಲ್ಲಿ ಅನುಮಾನ ಕಡಿಮೆ. ಬಿಸಿ ಮರಳಿಗೆ ಅಂಟಿದ ಗಾಳಿಯ ಪದರ ಬಹಳ ತೆಳುವಾದದ್ದು. ಒಂದೆರಡು ಸೆಂಟಿಮೀಟರ್ ಮೇಲೆದ್ದರೂ ಗಾಳಿ ಎಷ್ಟೋ ತಂಪು. ನೀಳ ಕಾಲುಗಳು ಮೈಯನ್ನು ಆ ಎತ್ತರಕ್ಕೆ ಎತ್ತಿ ಹಿಡಿಯುತ್ತವೆ. ಒನಿಮಾಕ್ರಿಸ್ ಪ್ಲಾನಾ ಎಂಬ ಚಪ್ಪಟೆ ಮೈಯ ಪ್ರಭೇದ ಸೆಕೆಂಡಿಗೆ ಒಂದು ಮೀಟರಿನ ಸಮೀಪದ ವೇಗದಲ್ಲಿ ಓಡುತ್ತದೆ. ಓಡಿದರೆ ನಮ್ಮ ಮೈ ಬಿಸಿಯೇರುತ್ತದೆ. ಬಿಸಿಲಿನಲ್ಲಿ ನಿಂತು ಕಾದ ಈ ಹುಳುವಿನ ಮೈ ಓಡಿದಾಗ ತಂಪಾಗುತ್ತದೆ ಎಂದು 1980ರ ದಶಕದ ಅಳತೆಗಳು ತೋರಿಸಿವೆ, ಏಕೆಂದರೆ ಸ್ನಾಯುಗಳು ಹುಟ್ಟಿಸುವ ಶಾಖಕ್ಕಿಂತ ಮೈಮೇಲೆ ಹಾಯುವ ಗಾಳಿ ಒಯ್ಯುವ ಶಾಖ ಹೆಚ್ಚು. ಈ ಪ್ರಭೇದ ತಲೆ ತಗ್ಗಿಸಿ ಮಂಜು ಹಿಡಿಯುವುದಿಲ್ಲ, ಆದರೂ ಅದೇ ದಿಬ್ಬಗಳಲ್ಲಿ ಹೇರಳವಾಗಿದೆ ಎಂಬುದನ್ನು ನಿಮ್ಮ ವಿದ್ಯಾರ್ಥಿನಿಗೆ ಮರೆಯದೆ ತಿಳಿಸಿ.

ಇಂಥ ಹುಳುಗಳು ನಮ್ಮಲ್ಲೂ ಇವೆಯೇ ಎಂದು ಕೇಳಿದ್ದೀರಿ. ಇವೆ, ಮತ್ತು ಬಹುಶಃ ನಿಮ್ಮ ಅಡುಗೆಮನೆಯಲ್ಲೇ. ಹಳೆಯ ಗೋಧಿ ಹಿಟ್ಟು, ರವೆ ಅಥವಾ ಮೈದಾದಲ್ಲಿ ಕಾಣುವ, ಮೂರು ನಾಲ್ಕು ಮಿಲಿಮೀಟರ್ ಉದ್ದದ, ಚಪ್ಪಟೆಯಾದ ಕೆಂಗಂದು ಹುಳು ಟ್ರೈಬೋಲಿಯಂ ಕ್ಯಾಸ್ಟೇನಿಯಂ. ಅದು ಇದೇ ಟೆನೆಬ್ರಿಯೊನಿಡೇ ಕುಟುಂಬದ್ದು. ಅಕ್ಕಿಯಲ್ಲಿ ಸಿಗುವ, ಮುಂದಕ್ಕೆ ಸೊಂಡಿಲು ಚಾಚಿದ ಹುಳು ಬೇರೆ ಕುಟುಂಬದ್ದು, ಅದನ್ನು ಇದರೊಂದಿಗೆ ಬೆರೆಸಬೇಡಿ. ಮುಚ್ಚಿದ ಡಬ್ಬಿಯಲ್ಲಿ ಒಂದು ಹನಿ ನೀರಿಲ್ಲದೆ, ಒಣ ಹಿಟ್ಟನ್ನಷ್ಟೇ ತಿಂದು, ತಲೆಮಾರುಗಟ್ಟಲೆ ಅದು ಬಾಳುವುದು ಸಾಧ್ಯವಾಗಿರುವುದು ನಮೀಬ್‌ನ ನೆಂಟನಲ್ಲಿರುವ ಅದೇ ಗುದನಾಳದ ಏರ್ಪಾಡಿನಿಂದ. ಅದಕ್ಕೆ ರೆಕ್ಕೆಗಳು ಮಾತ್ರ ಬೆಸೆದಿಲ್ಲ, ಸೆಕೆಯಿದ್ದಾಗ ಹಾರುತ್ತದೆ.

ತರಗತಿಯಲ್ಲಿ ತೋರಿಸಲು ಗಾಜಿನ ಸೀಸೆಯೊಂದರಲ್ಲಿ ಅರ್ಧದಷ್ಟು ಗೋಧಿ ಹಿಟ್ಟು ಹಾಕಿ, ಹತ್ತು ಹುಳುಗಳನ್ನು ಬಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ ಇಡಿ. ಬೆಚ್ಚಗಿನ ಜಾಗದಲ್ಲಿ ಮೊಟ್ಟೆಯಿಂದ ಪ್ರೌಢ ಹುಳುವಾಗಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ, ನಡುವೆ ಬಿಳಿಹಳದಿ ಮರಿಗಳನ್ನೂ ಕೋಶಗಳನ್ನೂ ಜರಡಿ ಹಿಡಿದು ನೋಡಬಹುದು. ಹುಳುಗಳು ಹೆಚ್ಚಾದಂತೆ ಹಿಟ್ಟಿಗೆ ಕಟು ವಾಸನೆ ಬಂದು ಬಣ್ಣ ಸ್ವಲ್ಪ ಗುಲಾಬಿಗೆ ತಿರುಗುತ್ತದೆ. ಅದು ಅವು ಸೂಸುವ ಕ್ವಿನೋನ್ ಎಂಬ ರಾಸಾಯನಿಕಗಳಿಂದ. ಪ್ರಯೋಗ ಮುಗಿದ ಮೇಲೆ ಆ ಹಿಟ್ಟನ್ನು ದನಕರುಗಳಿಗೂ ಹಾಕದೆ, ಎರಡು ದಿನ ಫ್ರೀಜರಿನಲ್ಲಿಟ್ಟು ಹುಳುಗಳು ಸತ್ತ ನಂತರ ಮಣ್ಣಿನಲ್ಲಿ ಹೂತುಬಿಡಿ.